ಕನ್ನಡ ಪುಟವಿನ್ಯಾಸ ತಂತ್ರಾಂಶದ ಹೊಸ ಆವೃತ್ತಿ: ಉಡುಪಿಯ ಒಂದು ಮುದ್ರಣಾಲಯದಿಂದ ಎಚ್ಚರಿಕೆ

ಹಳೆಯ ಕನ್ನಡ ಫಾಂಟುಗಳಲ್ಲಿ ಅಕ್ಷರಜೋಡಣೆಯಾದ ಕಡತಗಳನ್ನು ಇಟ್ಟುಕೊಂಡಿರುವ ಮುದ್ರಣಾಲಯದವರು, ಡಿಟಿಪಿ ಕೇಂದ್ರದವರು, ಸ್ಮರಣ ಸಂಚಿಕೆಯ ಸಮಿತಿಯವರು ಮತ್ತು ಸ್ವಂತ ಖರ್ಚಿನಲ್ಲಿ ಪುಸ್ತಕ ಹೊರತರುವ ಲೇಖಕರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಿಮ್ಮ ತಂತ್ರಾಂಶ ಹಳೆಯ ಕಡತವನ್ನು ತೆರೆದ ಕೂಡಲೇ ಅದನ್ನು ತಾನಾಗಿ ಯೂನಿಕೋಡಿಗೆ, ಅಂದರೆ ಎಲ್ಲ ಭಾಷೆಗಳಿಗೂ ಇರುವ ಏಕರೂಪದ ಅಕ್ಷರ ಸಂಕೇತಕ್ರಮಕ್ಕೆ, ಬದಲಾಯಿಸಿ ಮೂಲದ ಮೇಲೆಯೇ ಉಳಿಸಿಬಿಡುವ ಜಾತಿಯದಾಗಿದ್ದರೆ, ನೀವು ವರ್ಷಗಟ್ಟಲೆ ಮಾಡಿದ ಕೆಲಸ ಒಂದು ಬೆಳಗಿನಲ್ಲಿ ಕೆಡಬಹುದು. ನಮ್ಮಲ್ಲಿ ಹಾಗೆಯೇ ಆಯಿತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರು ಇನ್ನೂ ವಿಚಾರಣೆಯಲ್ಲಿದೆ. ಅದಲ್ಲದೆ ಈ ರೀತಿಯ ವ್ಯವಹಾರ ಒಂದೇ ಕಂಪನಿಯ ರೂಢಿಯೂ ಅಲ್ಲ.

ಉಡುಪಿ ಮತ್ತು ಮಂಗಳೂರಿನ ಸಣ್ಣ ಮುದ್ರಣಾಲಯಗಳಿಗೆ ವರ್ಷದ ಗಳಿಕೆಯ ದೊಡ್ಡ ಪಾಲು ಬರುವುದು ಮಕರ ಸಂಕ್ರಮಣದಿಂದ ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗಿನ ತಿಂಗಳುಗಳಲ್ಲಿ. ನೇಮ, ಕೋಲ, ವರ್ಷಾವಧಿ ಜಾತ್ರೆಗಳ ಆಮಂತ್ರಣ, ಯಕ್ಷಗಾನ ಬಯಲಾಟದ ಕರಪತ್ರ, ಮದುವೆಯ ಕಾಗದ, ಇವೆಲ್ಲದರ ಜೊತೆಗೆ ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳು. ಸ್ಮರಣ ಸಂಚಿಕೆಯಲ್ಲಿ ಲೇಖನಗಳಿಗಿಂತ ಹೆಚ್ಚು ಜಾಗರೂಕತೆಯಿಂದ ತಿದ್ದಬೇಕಾದದ್ದು ದಾನಿಗಳ ಪಟ್ಟಿ. ಊರಿನವರು, ಮುಂಬಯಿಯಲ್ಲಿ ನೆಲೆಸಿದವರು, ಗಲ್ಫ್ ದೇಶಗಳಲ್ಲಿ ದುಡಿಯುವವರು ತಮ್ಮ ತಂದೆತಾಯಿಯ ನೆನಪಿನಲ್ಲಿ ಕೊಟ್ಟ ಹಣದ ಲೆಕ್ಕ ಅಲ್ಲಿರುತ್ತದೆ. ತೀರಿಹೋದ ತಾಯಿಯ ಹೆಸರು ತಪ್ಪಾಗಿ ಅಚ್ಚಾದರೆ ಆ ಮನೆಯವರಿಗೆ ಆಗುವ ನೋವನ್ನು ಮುದ್ರಕನಾದ ನಾನು ಬಲ್ಲೆ. ಈ ಪಟ್ಟಿಗಳನ್ನು ಸಮಿತಿಯವರು ಕರಡು ನೋಡಿ, ಮನೆಮನೆಗೆ ಕೇಳಿ, ಮತ್ತೆ ಮತ್ತೆ ತಿದ್ದಿರುತ್ತಾರೆ.

ಇಂಥ ಒಂದು ಸಂಚಿಕೆಯ ಕೊನೆಯ ಕರಡು ಒಪ್ಪಿಗೆಯಾಗಿ ಅಚ್ಚಿಗೆ ಹೋಗಬೇಕಾಗಿದ್ದ ವಾರದಲ್ಲಿ, ರಾತ್ರಿ ಕಂಪ್ಯೂಟರ್ ಚಾಲೂ ಇದ್ದಾಗ, ತಂತ್ರಾಂಶ ನಮ್ಮನ್ನು ಕೇಳದೆ ಹೊಸ ಆವೃತ್ತಿಯನ್ನು ತಾನೇ ಅಳವಡಿಸಿಕೊಂಡಿತು. ‘ಒಮ್ಮೆ ಕೊಂಡರೆ ಸದಾಕಾಲಕ್ಕೆ’ ಎಂಬ ಭರವಸೆಯೊಂದಿಗೆ, ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ತಂತ್ರಾಂಶ ತೆರೆಯುವ ಯುಎಸ್‌ಬಿ ಕೀಲಿಯ ಸಮೇತ, ಪೂರ್ಣ ಹಣ ಕೊಟ್ಟು ಖರೀದಿಸಿದ್ದ ತಂತ್ರಾಂಶ ಅದು. ಕಂಪನಿ ಮುಂದೆ ಆ ಕೀಲಿಯನ್ನು ಕೈಬಿಟ್ಟು ಅಂತರ್ಜಾಲದ ಮೂಲಕ ಪರವಾನಗಿ ಪರಿಶೀಲಿಸುವ ಪದ್ಧತಿಗೆ ಬದಲಾಗಿತ್ತು, ಮತ್ತು ಸ್ವಯಂ ನವೀಕರಣವನ್ನು ನಿಲ್ಲಿಸುವ ಆಯ್ಕೆಯನ್ನು ಆ ಬದಲಾವಣೆಯಲ್ಲಿಯೇ ತೆಗೆದುಹಾಕಿತ್ತು. ಬೆಳಿಗ್ಗೆ ನಮ್ಮ ಅಕ್ಷರಜೋಡಣೆಯವರು ಸಂಚಿಕೆಯ ಕಡತವನ್ನು ತೆರೆದಾಗ ಯಾವ ಪ್ರಶ್ನೆಯೂ ಬರಲಿಲ್ಲ. ಪುಟಗಳು ತೆರೆದವು, ಸಾಲುಗಳು ಸ್ಥಳ ಬದಲಿಸಿದ್ದವು, ಮತ್ತು ಕಡತ ಆಗಲೇ ಹೊಸ ರೂಪದಲ್ಲಿ ಉಳಿದುಬಿಟ್ಟಿತ್ತು.

ಏನು ಕೆಟ್ಟಿತ್ತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೇಲುನೋಟಕ್ಕೆ ಪುಟ ಸರಿಯಾಗಿಯೇ ಕಾಣುತ್ತದೆ. ಹಳೆಯ ಫಾಂಟುಗಳು ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಉಳಿಸುತ್ತವೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಉಳಿಸುತ್ತದೆ. ಅರ್ಕಾವತ್ತು, ಅಂದರೆ ‘ರ್’ ಸೂಚಿಸುವ ಚಿಹ್ನೆ, ಕಾಗದದ ಮೇಲೆ ಅಕ್ಷರದ ನಂತರ ಬರುತ್ತದೆ, ಆದರೆ ಉಚ್ಚಾರದಲ್ಲಿ ಅದು ಮೊದಲು. ಆದ್ದರಿಂದ ಪರಿವರ್ತಿಸುವ ತಂತ್ರಾಂಶ ಅದನ್ನು ಹಿಂದಿನ ಅಕ್ಷರಕ್ಕಿಂತ, ಅದರ ಒತ್ತಿಗಿಂತ, ಅದರ ಕಾಗುಣಿತಕ್ಕಿಂತ ಮೊದಲಿಗೆ ಎತ್ತಿ ಇಡಬೇಕು. ನಮ್ಮ ತಂತ್ರಾಂಶ ಅದನ್ನು ಇದ್ದಲ್ಲಿಯೇ ಬಿಟ್ಟಿತು. ಪರಿಣಾಮವಾಗಿ ಕಾರ್ಕಳ ‘ಕಾಕರ್ಳ’ ಆಯಿತು, ಸುವರ್ಣ ‘ಸುವಣರ್’ ಆಯಿತು, ಕರ್ಕೇರ ‘ಕಕೇರ್ರ’, ಆಚಾರ್ಯ ‘ಆಚಾಯರ್’, ಪರ್ಯಾಯ ‘ಪಯಾರ್ಯ’ ಆದವು. ನಮ್ಮ ಜಿಲ್ಲೆಯ ಊರುಗಳಲ್ಲಿ, ಮನೆತನದ ಹೆಸರುಗಳಲ್ಲಿ ಅರ್ಕಾವತ್ತು ಎಷ್ಟು ಸಾಮಾನ್ಯವೆಂಬುದು ಈ ಭಾಗದ ಯಾವುದೇ ಮತದಾರರ ಪಟ್ಟಿಯನ್ನು ನೋಡಿದವರಿಗೆ ತಿಳಿದಿರುತ್ತದೆ.

ಇದನ್ನು ‘ಹುಡುಕಿ ಬದಲಿಸು’ ಎಂಬ ಒಂದು ಆಜ್ಞೆಯಿಂದ ಸರಿಪಡಿಸಬಹುದೆಂದು ಕಂಪನಿಯವರು ದೂರವಾಣಿಯಲ್ಲಿ ಸೂಚಿಸಿದರು. ಆ ಸಲಹೆ ಪಾಲಿಸುವ ಮೊದಲು ಒಂದು ಪ್ರತಿಯ ಮೇಲೆ ಪರೀಕ್ಷಿಸಿದೆವು. ಎಲ್ಲ ಕಡೆಯೂ ಅಕ್ಷರದ ನಂತರ ಇರುವ ‘ರ್’ ಅನ್ನು ಆ ಅಕ್ಷರಕ್ಕಿಂತ ಮೊದಲಿಗೆ ತಂದರೆ ಸುವರ್ಣರ ಹೆಸರು ಸರಿಯಾಗುತ್ತದೆ, ನಿಜ. ಆದರೆ ಹೆಸರಿನ ಕೊನೆಯಲ್ಲಿ ನಿಜವಾಗಿಯೂ ‘ರ್’ ಇರುವ ಕುಂದರ್ ‘ಕುಂರ್ದ’ ಆಗುತ್ತದೆ, ಶೆಟ್ಟಿಗಾರ್ ‘ಶೆಟ್ಟಿರ್ಗಾ’ ಆಗುತ್ತದೆ. ಯಾವುದು ಮೊದಲೇ ಸರಿಯಿತ್ತು, ಯಾವುದು ಕೆಟ್ಟಿತು ಎಂಬುದು ಕಡತದಲ್ಲಿ ಎಲ್ಲಿಯೂ ಉಳಿದಿಲ್ಲದ ಕಾರಣ ಯಂತ್ರಕ್ಕೆ ಅದನ್ನು ತಿಳಿಯುವ ದಾರಿಯೇ ಇಲ್ಲ. ಊರಿನ ಜನರನ್ನು ಬಲ್ಲ ಮನುಷ್ಯನೊಬ್ಬ ಸಾಲುಸಾಲಾಗಿ ಓದಿಯೇ ತಿದ್ದಬೇಕು.

ಹಿಂದಿನ ಪ್ರತಿಗಳು ನಮ್ಮಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಇದ್ದವು. ದಿನದ ಕೊನೆಗೆ ಹೊರಗಿನ ಡಿಸ್ಕಿಗೆ ನಕಲು ಮಾಡುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ಆದರೆ ಆ ಪ್ರತಿಗಳನ್ನು ತೆರೆಯಲು ಹಳೆಯ ಆವೃತ್ತಿ ಬೇಕು. ಮೂಲ ಸಿಡಿಯಿಂದ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿದಾಗ, ಈ ಆವೃತ್ತಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಲಾಗಿದೆ ಎಂಬ ಉತ್ತರ ಕಂಪನಿಯ ಸರ್ವರಿನಿಂದ ಬಂದಿತು. ಕಡತ ನಮ್ಮದು, ಕಾಗದಪತ್ರದ ಪ್ರಕಾರ ತಂತ್ರಾಂಶವನ್ನು ಬಳಸುವ ಹಕ್ಕೂ ನಮ್ಮದು, ಆದರೆ ಬಾಗಿಲ ಕೀಲಿ ಅವರ ಕೈಯಲ್ಲಿತ್ತು. ಕರಡಿನ ಪಿಡಿಎಫ್ ಪ್ರತಿಗಳು ಇದ್ದವು, ಅವುಗಳಿಂದಲೂ ಪಠ್ಯ ಸಿಗಲಿಲ್ಲ. ಹಳೆಯ ಫಾಂಟಿನಿಂದ ತಯಾರಾದ ಪಿಡಿಎಫ್ ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ, ಅದರಿಂದ ನಕಲು ಮಾಡಿದರೆ ಬರುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಕೊನೆಗೆ ನಾವು ಮಾಡಿದ್ದು, ಸಮಿತಿಯವರು ಸಹಿ ಹಾಕಿದ್ದ ಕಾಗದದ ಕರಡನ್ನು ಮುಂದಿಟ್ಟುಕೊಂಡು ದಾನಿಗಳ ಪಟ್ಟಿಯನ್ನು ಮೊದಲಿನಿಂದ ಬೆರಳಚ್ಚಿಸಿದ್ದು. ಸಂಚಿಕೆ ಬ್ರಹ್ಮಕಲಶದ ದಿನ ಬಿಡುಗಡೆಯಾಗಲಿಲ್ಲ. ಸಮಿತಿಯ ಹಿರಿಯರು ನಮ್ಮನ್ನು ಕಟುವಾಗಿ ಮಾತಾಡಿಸದೆ ಸಹಕರಿಸಿದರು. ಆ ಉಪಕಾರವನ್ನು ಮರೆಯುವಂತಿಲ್ಲ.

ಕಂಪನಿಯ ನಡವಳಿಕೆಯ ಬಗ್ಗೆ ಹೇಳಲೇಬೇಕಾದದ್ದು ಇಷ್ಟು. ಸಹಾಯವಾಣಿಯಲ್ಲಿ ಮಾತಾಡಿದವರಿಗೆ ಕನ್ನಡ ಬರುತ್ತಿರಲಿಲ್ಲ, ಆದ್ದರಿಂದ ‘ಸುವಣರ್’ ಎಂಬುದರಲ್ಲಿ ತಪ್ಪೇನಿದೆ ಎಂಬುದನ್ನು ಅವರಿಗೆ ತೋರಿಸಿಕೊಡುವುದೇ ಒಂದು ಕೆಲಸವಾಯಿತು. ಕನ್ನಡದ ತಂತ್ರಾಂಶವನ್ನು ಮಾರುವವರು ಕನ್ನಡ ಓದಬಲ್ಲ ಒಬ್ಬರನ್ನಾದರೂ ಪರೀಕ್ಷೆಗೆ ಇಟ್ಟುಕೊಂಡಿದ್ದರೆ ಈ ದೋಷ ಮೊದಲ ಪುಟದಲ್ಲಿಯೇ ಸಿಕ್ಕಿಬೀಳುತ್ತಿತ್ತು; ಕರ್ನಾಟಕ ಎಂಬ ಪದದಲ್ಲಿಯೇ ಅರ್ಕಾವತ್ತು ಇದೆ. ಕಂಪನಿಗೆ ನಾವು ಬರೆದ ದೂರಿಗೆ ಉತ್ತರ ಬರುವ ಮೊದಲೇ ಅದನ್ನು ‘ಪರಿಹರಿಸಲಾಗಿದೆ’ ಎಂದು ಮುಚ್ಚಲಾಯಿತು. ಮತ್ತೆ ಬರೆದಾಗ, ವಾರ್ಷಿಕ ಚಂದಾ ಪಡೆದರೆ ಆದ್ಯತೆಯ ಸೇವೆ ಸಿಗುತ್ತದೆ ಎಂಬ ಉತ್ತರ ಬಂದಿತು. ಪರವಾನಗಿ ಒಪ್ಪಂದದಲ್ಲಿ ತಂತ್ರಾಂಶವನ್ನು ‘ಇರುವ ಸ್ಥಿತಿಯಲ್ಲಿ’ ಕೊಡಲಾಗಿದೆ, ದತ್ತಾಂಶದ ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎಂಬ ವಾಕ್ಯವಿದೆ. ಇಂಥ ವಾಕ್ಯ ಬಹುತೇಕ ಎಲ್ಲ ತಂತ್ರಾಂಶಗಳ ಒಪ್ಪಂದದಲ್ಲಿಯೂ ಇರುತ್ತದೆ, ಮತ್ತು ತಯಾರಕರ ಅಜಾಗರೂಕತೆಗೆ ಇದಕ್ಕಿಂತ ಒಳ್ಳೆಯ ಆಶ್ರಯ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ತೊಂದರೆಯ ಬೇರು ಹಳೆಯದು. ಎಂಟು ಬಿಟ್ಟಿನ ಸಂಕೇತಪಟ್ಟಿಯಲ್ಲಿ ಇರುವುದು 256 ಸ್ಥಾನಗಳು ಮಾತ್ರ. ಹಿಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಆ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಟ್ಟವು. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪಿ ಅಕ್ಷರ, ಪೌಂಡ್ ಚಿಹ್ನೆ ಮುಂತಾದವು ಕಾಣುವುದು ಇದರಿಂದಲೇ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ವಿಭಾಗವಿತ್ತಾದರೂ, ನಮ್ಮ ಮುದ್ರಣಾಲಯಗಳೆಲ್ಲ ಅವಲಂಬಿಸಿದ್ದ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಕೊನೆಯವರೆಗೂ ಯೂನಿಕೋಡನ್ನು ಬೆಂಬಲಿಸಲಿಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ರಾಜ್ಯದ ಶಿಷ್ಟ ವಿನ್ಯಾಸವಾಗಿ ನಮ್ಮೆಲ್ಲರ ಬೆರಳುಗಳಿಗೆ ಒಂದೇ ದಾರಿ ತೋರಿಸಿತು. ಆದರೆ ಬೆರಳು ಒತ್ತಿದ ಅಕ್ಷರ ಡಿಸ್ಕಿನಲ್ಲಿ ಯಾವ ಸಂಕೇತವಾಗಿ ಉಳಿಯಬೇಕೆಂಬುದನ್ನು ಖಾಸಗಿ ಕಂಪನಿಗಳು ತಮಗೆ ಬೇಕಾದಂತೆ ನಿರ್ಧರಿಸಿ, ಅದನ್ನು ಗುಟ್ಟಾಗಿ ಇಟ್ಟುಕೊಂಡವು. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾದ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಇಂದಿಗೂ ಓದಬಹುದು, ಆದರೆ ನಾವೇ ಜೋಡಿಸಿದ ಯಕ್ಷಗಾನ ಪ್ರಸಂಗ ಪುಸ್ತಕಗಳ ಕಡತಗಳನ್ನು ತೆರೆಯಲು ಕಂಪನಿಯ ಅಪ್ಪಣೆ ಬೇಕಾಗಿದೆ.

ದೊಡ್ಡ ಕಂಪನಿಗಳೂ ಬೇರೆ ದಾರಿ ಹಿಡಿದಿಲ್ಲ. ಅಡೋಬಿ ಕಂಪನಿ 2013ರಲ್ಲಿ ತನ್ನ ಪುಟವಿನ್ಯಾಸ ಮತ್ತು ಚಿತ್ರ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಮಾತ್ರ ಸೀಮಿತಗೊಳಿಸಿತು. ಆ ನಂತರದ ಇನ್‌ಡಿಸೈನ್ ಆವೃತ್ತಿಗಳು ಪೇಜ್‌ಮೇಕರಿನ ಕಡತಗಳನ್ನು ನೇರವಾಗಿ ತೆರೆಯುವುದಿಲ್ಲ. 2023ರ ಜನವರಿಯಲ್ಲಿ ಹಳೆಯ ಟೈಪ್ 1 ಫಾಂಟುಗಳ ಬೆಂಬಲವೂ ನಿಂತಿತು. ಕೇಳದೆ ಬರುವ ನವೀಕರಣ ಎಷ್ಟು ಹಾನಿ ಮಾಡಬಲ್ಲದೆಂಬುದನ್ನು 2024ರ ಜುಲೈ 19ರಂದು ಇಡೀ ಜಗತ್ತು ಕಂಡಿತು: ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಕಡತವೊಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಕೆಡಿಸಿತು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ವಿಮಾನಯಾನದವರ ಕಷ್ಟ ಸುದ್ದಿಯಾಯಿತು. ಸಣ್ಣ ಮುದ್ರಣಾಲಯದ ಕಷ್ಟವನ್ನು ನಾವೇ ಹೇಳಿಕೊಳ್ಳಬೇಕು.

ಈಗ ಇಂಥ ತಂತ್ರಾಂಶ ಕೊಳ್ಳಲು ಹೊರಟವರಿಗೆ ನನ್ನ ಸಲಹೆ. ಹಣ ಕೊಡುವ ಮೊದಲು ಮಾರಾಟಗಾರನ ಎದುರಿನಲ್ಲಿಯೇ ನಿಮ್ಮ ಹಳೆಯ ಕಡತದ ಒಂದು ಪುಟವನ್ನು ತೆರೆಸಿ. ಆ ಪುಟದಲ್ಲಿ ಕಾರ್ಕಳ, ಪರ್ಯಾಯ, ಸುವರ್ಣ, ಕುಂದರ್, ಮರ್ತ್ಯ, ಶ್ರೀಕೃಷ್ಣ ಇಂಥ ಪದಗಳಿರಲಿ. ‘ರ‍್ಯಾಂಕ್’ ಎಂಬ ಪದವೂ ಇರಲಿ. ಅಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣಾಕ್ಷರವಾಗಿ ನಿಲ್ಲಬೇಕಾದರೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬೇಕು, ಪರಿವರ್ತಕಗಳು ಸಾಮಾನ್ಯವಾಗಿ ಎಡವುವುದು ಅಲ್ಲಿಯೇ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು, ಅಂದರೆ ‘೯’, ಬಂದು ಕುಳಿತಿದೆಯೇ ಎಂಬುದನ್ನೂ ನೋಡಿ. ಮುದ್ರಣದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಹುಡುಕಿದಾಗ ಮಾತ್ರ ಹೆಸರು ಸಿಗುವುದಿಲ್ಲ. ಪಠ್ಯವನ್ನು ಸರಳ ಯೂನಿಕೋಡ್ ಕಡತವಾಗಿ ಹೊರತೆಗೆಯುವ ಸೌಲಭ್ಯ ಇದೆಯೇ, ಚಂದಾ ಮುಗಿದ ಮೇಲೆಯೂ ಅದು ಕೆಲಸ ಮಾಡುತ್ತದೆಯೇ, ಅಂತರ್ಜಾಲ ಇಲ್ಲದಿದ್ದಾಗ ತಂತ್ರಾಂಶ ತೆರೆಯುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಆಟಿ ತಿಂಗಳ ಮಳೆಯಲ್ಲಿ ನಮ್ಮೂರಿನ ಸಂಪರ್ಕ ಹೇಗಿರುತ್ತದೆಂಬುದನ್ನು ಬೆಂಗಳೂರಿನ ಮಾರಾಟಗಾರರು ಊಹಿಸಿರುವುದಿಲ್ಲ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಕಡತಗಳಿದ್ದವರ ಸ್ಥಿತಿ ನಮಗಿಂತ ಉತ್ತಮ. ಅವುಗಳ ಸಂಕೇತಕ್ರಮ ಬಹಿರಂಗವಾಗಿರುವುದರಿಂದ ಯಾರು ಬೇಕಾದರೂ ಬಳಸಬಹುದಾದ ಪರಿವರ್ತಕಗಳಿವೆ.

ಹಾನಿ ಆಗಿಹೋದವರಿಗೆ ಕಾನೂನಿನ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷ ರೂಪಾಯಿಯೊಳಗಿನ ಖರೀದಿಗೆ ಶುಲ್ಕವಿಲ್ಲ, ದೂರಿಗೆ ಕಾರಣ ಉಂಟಾದ ಎರಡು ವರ್ಷದ ಒಳಗೆ ದೂರು ಸಲ್ಲಿಸಬೇಕು. ವಾಣಿಜ್ಯ ಉದ್ದೇಶದ ಖರೀದಿ ಈ ಕಾಯ್ದೆಗೆ ಒಳಪಡುವುದಿಲ್ಲವೆಂದು ಕಂಪನಿಯವರು ಹೇಳಬಹುದು, ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಮಾತ್ರ ಕೊಂಡದ್ದಕ್ಕೆ ಆ ನಿರ್ಬಂಧ ಅನ್ವಯಿಸುವುದಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಮೊದಲು ವಿಷಯ ದಾಖಲಿಸುವುದು ಒಳ್ಳೆಯದು. ರಸೀದಿ, ಪರವಾನಗಿ ಪತ್ರ, ಮುಚ್ಚಿಹಾಕಿದ ದೂರಿನ ಪ್ರತಿ, ಕೆಟ್ಟ ಪುಟದ ಮತ್ತು ಸರಿಯಾದ ಕರಡಿನ ಮುದ್ರಿತ ಪ್ರತಿಗಳನ್ನು ಜೋಪಾನವಾಗಿಡಿ.

ಹಳೆಯ ಆವೃತ್ತಿ ಇನ್ನೂ ನಡೆಯುತ್ತಿರುವ ಕಂಪ್ಯೂಟರ್ ನಿಮ್ಮಲ್ಲಿದ್ದರೆ ಇಂದೇ ಅದರ ಅಂತರ್ಜಾಲ ಸಂಪರ್ಕ ತೆಗೆಯಿರಿ. ನಂತರ ಒಂದೊಂದೇ ಕಡತವನ್ನು ತೆರೆದು, ಪಠ್ಯವನ್ನು ಯೂನಿಕೋಡಿನಲ್ಲಿ ಹೊರತೆಗೆದು, ಮುದ್ರಿತ ಪುಸ್ತಕದೊಂದಿಗೆ ಹೋಲಿಸಿ ತಿದ್ದಿ, ಎರಡು ಬೇರೆ ಡಿಸ್ಕುಗಳಲ್ಲಿ ಇಡಿ. ದಾನಿಗಳ ಪಟ್ಟಿ, ದೇವಸ್ಥಾನದ ಇತಿಹಾಸ, ಪ್ರಸಂಗ ಪುಸ್ತಕಗಳು ಮೊದಲು. ಆಮಂತ್ರಣ ಪತ್ರಿಕೆಗಳನ್ನು ಆಮೇಲೆ ಮಾಡಬಹುದು.