ಬಂಡೆ ನೋಡೋಕೆ ಗುಂಪಿನ ಜೊತೆ ಹೋಗಬೇಕಾ? ಅಂತರಗಂಗೆ, ಮಧುಗಿರಿ, ಸ್ಕಂದಗಿರಿ ಹೋಲಿಕೆ

ಅಂತರಗಂಗೆಯ ಗವಿಗಳಿಗೆ ಗೈಡ್ ಇಲ್ಲದೆ ಇಳಿಯಬೇಡಿ. ಮಧುಗಿರಿಗೆ ದೊಡ್ಡ ಗುಂಪಿನ ಜೊತೆ ಹೋಗಬೇಡಿ. ಸ್ಕಂದಗಿರಿಗೆ ಹೋಗುವುದಾದರೆ ಬಂಡೆಯ ಆಸೆ ಇಟ್ಟುಕೊಳ್ಳಬೇಡಿ, ಮೋಡ ನೋಡೋಕೆ ಹೋಗಿ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದು.

ನಾನು ಚಿಕ್ಕಬಳ್ಳಾಪುರದವನು. ಶನಿವಾರ, ಭಾನುವಾರ ಬಂದರೆ ಬೆಂಗಳೂರಿನಿಂದ ನಮ್ಮ ಕಡೆಗೆ ಟ್ರೆಕ್ಕಿಂಗ್ ಬಸ್ಸುಗಳು ಸಾಲಾಗಿ ಬರುತ್ತವೆ. 'ಒಂದೇ ದಿನ, ಬಸ್ಸು, ತಿಂಡಿ, ಗೈಡ್ ಎಲ್ಲಾ ಸೇರಿ' ಅಂತ ಜಾಹೀರಾತು. ತಲೆಗೆ ಸಾವಿರದ ಮೇಲೆ. ಪಕ್ಕದ ಬೆಟ್ಟಕ್ಕೆ ಅಷ್ಟು ದುಡ್ಡು ಯಾಕೆ ಅಂತ ಸುಮ್ನಿದ್ದೆ. ಆದರೆ ಯಲಹಂಕದಲ್ಲಿರುವ ನಮ್ಮಕ್ಕನಿಗೆ ಗುಂಪಿನಲ್ಲಿ ಹೋಗುವ ಆಸೆ. ಅವಳ ನೆಪದಲ್ಲಿ ಕೋಲಾರದ ಅಂತರಗಂಗೆಗೂ ತುಮಕೂರು ಜಿಲ್ಲೆಯ ಮಧುಗಿರಿಗೂ ಇಂಥ ಟೂರಿನಲ್ಲೇ ಹೋಗಿ ಬಂದೆವು. ಸ್ಕಂದಗಿರಿಗೆ ನಾನೊಬ್ಬನೇ ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಹೋದೆ.

ಮೊದಲು ಬಂಡೆಯ ವಿಷಯ. ಗೈಡ್ ಬೇಕೋ ಬೇಡವೋ ಅನ್ನುವುದು ಅದರ ಮೇಲೇ ನಿಂತಿದೆ.

ಈ ಬೆಟ್ಟಗಳೆಲ್ಲ ಗ್ರಾನೈಟ್ ಜಾತಿಯ ಕಲ್ಲು. ನೆಲದೊಳಗೆ ಬಹಳ ಆಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ಆರಿ ಗಟ್ಟಿಯಾದದ್ದು. ಮಧುಗಿರಿ ಇರುವ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ಇದು ರಾಮನಗರದ ಕಡೆಯಿಂದ ಮಾಗಡಿ, ತುಮಕೂರು, ಮಧುಗಿರಿ, ಪಾವಗಡ ದಾಟಿ ಬಳ್ಳಾರಿ ಕಡೆಗೆ ಹೋಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲಿದ್ದ ಮಣ್ಣು ಕಲ್ಲೆಲ್ಲ ಕಾಲಕ್ರಮೇಣ ಕೊಚ್ಚಿಹೋಗಿ, ಭಾರ ಇಳಿದು, ಈ ಬಂಡೆಗಳು ಹೊರಗೆ ಬಂದವು. ಭಾರ ಇಳಿದಾಗ ಬಂಡೆ ಹಿಗ್ಗುತ್ತದೆ, ಬಿರುಕು ಬಿಡುತ್ತದೆ. ಬಿರುಕು ಕಡಿಮೆ ಇದ್ದ ಕಡೆ ಮಧುಗಿರಿಯಂಥ ಇಡೀ ಬೆಟ್ಟವೇ ಒಂದು ಕಲ್ಲಾಗಿ ಉಳಿಯುತ್ತದೆ. ಅದರ ಮೇಲ್ಮೈ ಮಾತ್ರ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತಿರುತ್ತದೆ. ಅಡ್ಡ ಉದ್ದ ಬಿರುಕು ಜಾಸ್ತಿ ಇದ್ದ ಕಡೆ ನೀರು ಒಳಗೆ ಇಳಿದು, ಮೂಲೆಗಳನ್ನು ತಿಂದು, ಕಲ್ಲನ್ನು ಗುಂಡಾಗಿಸುತ್ತದೆ. ನಡುವಿನ ಮಣ್ಣು ಮಳೆಗೆ ತೊಳೆದುಹೋದರೆ ಗುಂಡುಗಳು ಒಂದರ ಮೇಲೊಂದು ಕೂರುತ್ತವೆ. ಅವುಗಳ ಸಂದುಗಳೇ ಅಂತರಗಂಗೆಯ ಗವಿಗಳು.

ಒಂದೇ ಕಲ್ಲಿನ ಬೆಟ್ಟದಲ್ಲಿ ದಾರಿ ಕಣ್ಣಿಗೆ ಕಾಣುತ್ತದೆ. ಗುಂಡುಗಳ ರಾಶಿಯಲ್ಲಿ ಕಾಣುವುದಿಲ್ಲ. ನನ್ನ ಲೆಕ್ಕ ಅಷ್ಟೇ.

ಅಂತರಗಂಗೆ ಕೋಲಾರ ಪೇಟೆಯ ಪಕ್ಕದಲ್ಲೇ, ಶತಶೃಂಗ ಬೆಟ್ಟದ ಸಾಲಿನಲ್ಲಿದೆ. ಬಸ್ ಸ್ಟ್ಯಾಂಡಿನಿಂದ ಆಟೋ ಸಾಕು. ಕೆಳಗಿನಿಂದ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಊರಿನವರು ಕ್ಯಾನು ಹಿಡಿದು ಬಂದು ತುಂಬಿಸಿಕೊಂಡು ಹೋಗುತ್ತಾರೆ. ಇಲ್ಲಿಯವರೆಗೆ ಯಾವ ಗೈಡೂ ಬೇಡ, ಕೈಯಲ್ಲಿ ಕೋಲು ಇದ್ದರೆ ಒಳ್ಳೇದು. ಕೋತಿಗಳ ಕಾಟ ಅಷ್ಟಿದೆ. ನಮ್ಮ ಗುಂಪಿನ ಒಬ್ಬ ಹುಡುಗನ ಕೈಯಿಂದ ಚಿಪ್ಸ್ ಪ್ಯಾಕೆಟ್ ಕಿತ್ತುಕೊಂಡ ಕೋತಿ ಓಡಿಯೂ ಹೋಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದಿತು.

ಗುಡಿಯ ಹಿಂದಿನಿಂದ ಲಂಟಾನ ಪೊದೆಗಳ ನಡುವೆ ಕಾಲುದಾರಿ ಏರುತ್ತದೆ. ಟೂರಿನ ಮಜಾ ಶುರುವಾಗುವುದು ಇಲ್ಲಿ. ಬೆಂಗಳೂರಿನಿಂದ ಬಂದಿದ್ದ ಟ್ರೆಕ್ ಲೀಡರ್ ಇಲ್ಲಿಗೆ ಬಂದ ಮೇಲೆ ಹಿಂದೆ ಸರಿದ. ಮುಂದೆ ನಿಂತದ್ದು ಬೆಟ್ಟದ ಮೇಲಿನ ಹಳ್ಳಿಯ ಒಬ್ಬ ಹುಡುಗ. ಮೇಲೆ ತೇರಹಳ್ಳಿ ಮೊದಲಾಗಿ ಏಳು ಹಳ್ಳಿಗಳಿವೆ, ರಾಗಿ ಹೊಲಗಳಿವೆ. ಆ ಕಡೆಯವನು. ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುತ್ತಿದ್ದ.

ಗವಿಯ ಬಾಯಿ ನೋಡಿದರೆ ಅದು ಗವಿ ಅಂತಲೇ ಅನ್ನಿಸಲಿಲ್ಲ. ಎರಡು ಗುಂಡುಗಳ ನಡುವೆ ಒಂದು ಕಪ್ಪು ಸಂದು, ಅಷ್ಟೇ. ಪಕ್ಕದಲ್ಲಿ ಅಂಥವೇ ಇನ್ನೂ ಐದಾರು. "ಬ್ಯಾಗು ಮುಂದಕ್ಕೆ ಹಾಕ್ಕೊಳ್ಳಿ ಅಕ್ಕ. ಫಸ್ಟು ಕಾಲು, ಆಮೇಲೆ ಸೊಂಟ, ಲಾಸ್ಟು ತಲೆ," ಅಂದ. ಅಕ್ಕ ಹಾಗೇ ಮಾಡಿದಳು. ಒಳಗೆ ಇಳಿದ ತಕ್ಷಣ ತಣ್ಣನೆ ಗಾಳಿ, ಬಾವಲಿಗಳ ವಾಸನೆ. ಒಂದು ಕಡೆ ಎದೆಯನ್ನು ಕಲ್ಲಿಗೆ ಒತ್ತಿ ಅಡ್ಡಡ್ಡ ಸರಿಯಬೇಕು. ಇನ್ನೊಂದು ಕಡೆ ಮಲಗಿ ತೆವಳಬೇಕು. ಕೈ ಇಟ್ಟ ಕಡೆ ಕಲ್ಲು ನುಣುಪಾಗಿತ್ತು. ಎಷ್ಟೋ ಜನ ಅದೇ ಜಾಗ ಹಿಡಿದು ಇಳಿದಿರಬೇಕು. ಹುಡುಗ ಪ್ರತಿಯೊಬ್ಬರಿಗೂ ಎಡಗಾಲು ಎಲ್ಲಿ, ಬಲಗಾಲು ಎಲ್ಲಿ ಅಂತ ಟಾರ್ಚು ಬಿಟ್ಟು ತೋರಿಸಿದ. ದಪ್ಪಗಿದ್ದ ಒಬ್ಬರನ್ನು ನೋಡಿ ಏನೂ ಮಾತಾಡದೆ, ಹೊರಗಿನ ದಾರಿಯಲ್ಲಿ ಕರೆದುಕೊಂಡು ಹೋಗಿ ಆ ಕಡೆಯ ಬಾಯಿಯಲ್ಲಿ ಕೂರಿಸಿ ಬಂದ. ಆ ಸೂಕ್ಷ್ಮ ನನಗೆ ತುಂಬಾ ಹಿಡಿಸಿತು.

ಗುಂಪಿನಿಂದ ಇಲ್ಲಿ ಉಪಯೋಗವೂ ಆಯಿತು. ಮುಂದಿನವರು ಕೈ ಕೊಡುತ್ತಾರೆ, ಹಿಂದಿನವರು ಕಾಲು ಇಡುವ ಜಾಗ ಹೇಳುತ್ತಾರೆ. ಒಬ್ಬರೇ ಇದ್ದರೆ ಅರ್ಧದಿಂದ ವಾಪಸು ಬರುತ್ತಿದ್ದೆವು.

ಒಂದೇ ತಕರಾರು. ಲೀಡರ್ ಎಲ್ಲರನ್ನೂ ಕೂರಿಸಿಕೊಂಡು ಇದು ಜ್ವಾಲಾಮುಖಿ ಕಲ್ಲು, ಲಾವಾ ಹರಿದು ಗವಿ ಆಗಿದೆ ಅಂತ ಭಾಷಣ ಮಾಡಿದ. ಹಳ್ಳಿಯ ಹುಡುಗ ನನ್ನ ಕಡೆ ತಿರುಗಿ, "ನಮ್ ತಾತ ಇಲ್ಲೇ ಹುಟ್ಟಿದ್ದು ಸಾರ್, ಬೆಂಕಿಗಿಂಕಿ ಏನೂ ಹೇಳಿಲ್ಲ," ಅಂತ ನಕ್ಕ. ಈ ಜ್ವಾಲಾಮುಖಿ ಕಥೆ ಎಲ್ಲ ಟೂರಿನವರ ಬಾಯಲ್ಲೂ ಇದೆ. ನಂಬಬೇಡಿ. ಕೋಲಾರ ಜಿಲ್ಲೆಯಲ್ಲಿ ನಿಜವಾದ ಜ್ವಾಲಾಮುಖಿ ಕಲ್ಲು ನೋಡಬೇಕೆಂದರೆ ಕೆಜಿಎಫ್ ಕಡೆಗೆ ಹೋಗಬೇಕು. ಅಲ್ಲಿ ನೀರಿನಡಿ ಉಕ್ಕಿ ದಿಂಬಿನ ಆಕಾರದಲ್ಲಿ ಆರಿದ ಲಾವಾ, ಸಿಡಿದ ಚೂರು ಬೂದಿ ಸೇರಿ ಗಟ್ಟಿಯಾದ ಕಲ್ಲು ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಅಲ್ಲಿಗೆ ಯಾವ ಟ್ರೆಕ್ಕಿಂಗ್ ಬಸ್ಸೂ ಹೋಗುವುದನ್ನು ನಾನು ಕಂಡಿಲ್ಲ. ಸೆಲ್ಫಿಗೆ ಚೆನ್ನಾಗಿರಲ್ಲ ಅಂತಲೋ ಏನೋ.

ಮಧುಗಿರಿಯ ಕಥೆ ಪೂರ್ತಿ ಉಲ್ಟಾ. ದಾಬಸ್‌ಪೇಟೆ, ಕೊರಟಗೆರೆ ದಾಟಿ ಊರು ಹತ್ತಿರವಾಗುತ್ತಿದ್ದಂತೆ ಬೆಟ್ಟ ಎದುರಿಗೇ ಬಂದು ನಿಲ್ಲುತ್ತದೆ. ಏಷ್ಯಾದ ಎರಡನೇ ದೊಡ್ಡ ಏಕಶಿಲೆ ಅಂತ ಎಲ್ಲರೂ ಹೇಳುತ್ತಾರೆ. ಎರಡನೆಯದೋ ಇಪ್ಪತ್ತನೆಯದೋ, ಕೆಳಗೆ ನಿಂತು ಕತ್ತೆತ್ತಿದರೆ ಆ ಲೆಕ್ಕ ಯಾರಿಗೂ ಬೇಡ. ಸಮುದ್ರ ಮಟ್ಟದಿಂದ ಸುಮಾರು 1,190 ಮೀಟರ್ ಎತ್ತರ. ಬಂಡೆಯ ಮೈಗೆ ಹೊಂದಿಸಿ ಕೋಟೆ ಕಟ್ಟಿದ್ದಾರೆ. ಪಾಳೇಗಾರರ ಕಾಲದ ಕೋಟೆಯನ್ನು ಆಮೇಲೆ ಹೈದರಾಲಿ ಬಲಪಡಿಸಿದ. ಕೆಳಗೆ ವೆಂಕಟರಮಣ, ಮಲ್ಲೇಶ್ವರ ಗುಡಿಗಳು. ಮೇಲೆ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ.

ಶುರುವಿನಲ್ಲಿ ಒಳ್ಳೆಯ ಮೆಟ್ಟಿಲುಗಳಿವೆ. ಬಾಗಿಲುಗಳನ್ನು ದಾಟುತ್ತಾ ಹೋದಂತೆ ಮೆಟ್ಟಿಲು ಸಣ್ಣದಾಗುತ್ತದೆ. ಆಮೇಲೆ ಬಂಡೆಗೆ ಕೊರೆದ ಕಚ್ಚುಗಳು ಮಾತ್ರ. ಪಾದದ ಅರ್ಧ ಹಿಡಿಸುತ್ತದೆ, ಹಿಮ್ಮಡಿ ಗಾಳಿಯಲ್ಲಿ. ಅಲ್ಲಲ್ಲಿ ಕಬ್ಬಿಣದ ಕಂಬಿ ಇದೆ, ಕೆಲವು ಕಡೆ ಇಲ್ಲ. ದಾರಿ ತಪ್ಪುವ ಮಾತೇ ಇಲ್ಲ. ಮೇಲೆ ನೋಡಿದರೆ ಹೋಗುವ ದಾರಿ, ಕೆಳಗೆ ನೋಡಿದರೆ ಬಂದ ದಾರಿ. ಬೇಕಾದ್ದು ಗೈಡ್ ಅಲ್ಲ, ಅವರವರ ಕಾಲಿಗೆ ತಕ್ಕ ಸಮಯ.

ಗುಂಪಿನ ಟೂರಿನಲ್ಲಿ ಸಿಗದೇ ಇರುವುದು ಅದೊಂದೇ. ನಮ್ಮ ಬಸ್ಸು ಬೆಂಗಳೂರಿನಲ್ಲೇ ತಡವಾಗಿ ಬಂದ ಇಬ್ಬರಿಗೋಸ್ಕರ ಕಾದಿತು. ಆಮೇಲೆ ಹೆದ್ದಾರಿಯ ಹೋಟೆಲಿನಲ್ಲಿ ತಿಂಡಿ, ಕಾಫಿ, ಮತ್ತೆ ಫೋಟೋ. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಕಡಿದಾದ ಕಡೆ ಒಂದು ಸಲಕ್ಕೆ ಒಬ್ಬರೇ ಹೋಗಬೇಕು. ನಲವತ್ತು ಜನ ಸಾಲು ನಿಂತರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಮೇಲಿನಿಂದ ಇಳಿಯುವವರು ಬೇರೆ. ಹೆದರಿದ ಒಬ್ಬ ಹುಡುಗಿ ಕಂಬಿ ಬಿಡಲಿಲ್ಲ. ಅವಳನ್ನು ಅವಸರ ಮಾಡುವಂತೆಯೂ ಇಲ್ಲ, ಪಕ್ಕದಿಂದ ದಾಟುವಂತೆಯೂ ಇಲ್ಲ. ಕಾದ ಬಂಡೆಯ ಮೇಲೆ ಕೂರೋಕೂ ಆಗಲ್ಲ. ಅಕ್ಕನ ಮಂಡಿ ಅಲ್ಲಿಗೆ ಸಾಕು ಅಂದಿತು. "ನೀನು ಹೋಗೋ, ನಾನಿಲ್ಲೇ ನೆರಳಲ್ಲಿ ಕೂತಿರ್ತೀನಿ," ಅಂತ ಬಾಗಿಲ ಪಕ್ಕ ಕೂತಳು.

ನಾನೂ ತುದಿ ಮುಟ್ಟಲಿಲ್ಲ. ಇನ್ನೂ ಸಾಕಷ್ಟು ಹತ್ತುವುದು ಇರುವಾಗಲೇ ಲೀಡರ್ ಗಡಿಯಾರ ನೋಡಿ ಎಲ್ಲರನ್ನೂ ಕೆಳಗೆ ಇಳಿಸಿದ. ಊಟಕ್ಕೆ ಹೋಟೆಲಿನಲ್ಲಿ ಹೇಳಿಬಿಟ್ಟಿದ್ದಾರಂತೆ, ಆಮೇಲೆ ಇನ್ನೊಂದು ಜಾಗ ಇದೆಯಂತೆ. ದುಡ್ಡು ಕೊಟ್ಟಿದ್ದು ಬೆಟ್ಟಕ್ಕೋ ಊಟಕ್ಕೋ? ಕೇಳಿದೆ. ಪ್ರೋಗ್ರಾಂ ಹಾಗಿದೆ ಸಾರ್ ಅಂದ.

ಆ ಸಿಟ್ಟಿಗೆ ಆಮೇಲೆ ಒಂದು ಸಲ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ಮೇಲೆ ಹೋಗಿ, ರಾತ್ರಿ ಮಧುಗಿರಿಯಲ್ಲೇ ಉಳಿದು, ಬೆಳಕು ಹರಿಯುತ್ತಲೇ ಹತ್ತಿದೆ. ಬಂಡೆ ತಣ್ಣಗಿತ್ತು. ಜೊತೆಗೆ ಇಬ್ಬರು ಸ್ನೇಹಿತರು, ನೀರು, ಕಡ್ಲೆಕಾಯಿ. ಉಸಿರು ಕಟ್ಟಿದ ಕಡೆ ನಿಂತೆವು, ಬೇಕಾದಷ್ಟು ಹೊತ್ತು. ಗುಂಪಿನಲ್ಲಿ ಕಾಣದೇ ಹೋದದ್ದು ಆಗ ಕಂಡಿತು: ದೊಣೆಗಳಲ್ಲಿ ನಿಂತ ನೀರು, ಸಿಪ್ಪೆ ಎದ್ದ ಬಂಡೆಯ ಪದರಗಳು. ಒಂದು ಪದರವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಕೆಳಗೆ ಗಾಳಿ ಇದೆ ಅಂತ ಅರ್ಥ. ಮೇಲಿನ ಗುಡಿಯ ಹತ್ತಿರ ನಿಂತರೆ ಸುತ್ತಲೂ ಅದೇ ಗ್ರಾನೈಟಿನ ಗುಡ್ಡಗಳು ಬಯಲಿನಿಂದ ಎದ್ದಿರುವುದು ಕಾಣುತ್ತದೆ.

ಗುಂಪಿನ ಟೂರಿನಲ್ಲಿ ಒಂದು ಒಳ್ಳೇದಿದೆ, ಸುಳ್ಳು ಹೇಳಬಾರದು. ಒಂಟಿ ಹೆಣ್ಣುಮಕ್ಕಳು ಧೈರ್ಯವಾಗಿ ಬರುತ್ತಾರೆ. ನಮ್ಮ ಬಸ್ಸಿನಲ್ಲೇ ಅಂಥವರು ಜಾಸ್ತಿ ಇದ್ದರು. ಮಧುಗಿರಿಗೆ ಗುಂಪು ಬೇಡ ಅಂತ ಅವರಿಗೆ ಸುಲಭಕ್ಕೆ ಹೇಳಲಾರೆ. ಹೋಗುವುದಿದ್ದರೆ ಹತ್ತು ಹನ್ನೆರಡು ಜನರ ಸಣ್ಣ ಗುಂಪು ಹುಡುಕಿಕೊಳ್ಳಲಿ.

ಸ್ಕಂದಗಿರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಟ್ಟದ ಬುಡದ ಹಳ್ಳಿ ಕಳವಾರ ನಮ್ಮೂರಿಗೆ ಕೂಗಳತೆ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆಯಬೇಕು, ಇಲಾಖೆಯ ಗೈಡ್ ಜೊತೆಗಿರುತ್ತಾನೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ಪಾಪಾಗ್ನಿ ಮಠದ ಹತ್ತಿರದಿಂದ ಕತ್ತಲಲ್ಲೇ ಶುರು ಮಾಡಿ, ಸುಮಾರು 1,450 ಮೀಟರಿನ ತುದಿಯಲ್ಲಿ ಸೂರ್ಯೋದಯ. ಚಳಿಗಾಲದಲ್ಲಿ ಅದೃಷ್ಟ ಇದ್ದರೆ ಕಾಲ ಕೆಳಗೆ ಮೋಡ, ಅದರಾಚೆ ನಂದಿ ಬೆಟ್ಟದ ನೆತ್ತಿ. ಮೋಡ ಇಲ್ಲದ ದಿನ ಮುರಿದ ಕೋಟೆ ಗೋಡೆಯೂ ಗುಂಪು ಗುಂಪು ಜನರೂ ಉಳಿಯುತ್ತಾರೆ. ಗೈಡ್ ಬಂಡೆಯ ಬಗ್ಗೆ ಒಂದು ಮಾತೂ ಆಡಲಿಲ್ಲ, ಪಾಪ, ಅವನ ಕೆಲಸ ಅದಲ್ಲ. ಪ್ಲಾಸ್ಟಿಕ್ ಎಸೆದವರಿಗೆ ಬೈಯುವುದರಲ್ಲೇ ಸುಸ್ತಾಗಿದ್ದ.

ದುಡ್ಡಿನ ಮಾತು. ಅಂತರಗಂಗೆ ಟೂರಿಗೆ ಕೊಟ್ಟದ್ದರಲ್ಲಿ ಬಹುಪಾಲು ಬಸ್ಸಿಗೂ ತಿಂಡಿಗೂ ಹೋಯಿತು ಅಂತ ನನ್ನ ಅಂದಾಜು. ನಾಲ್ಕೈದು ಜನ ಸೇರಿ ಸೀದಾ ಕೋಲಾರಕ್ಕೆ ಹೋಗಿ, ಗುಡಿಯ ಹತ್ತಿರದ ಅಂಗಡಿಗಳಲ್ಲಿ ವಿಚಾರಿಸಿದರೆ ಗವಿ ಗೊತ್ತಿರುವವರು ಸಿಗುತ್ತಾರೆ. ಗುಂಪಿಗೆ ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಆ ದುಡ್ಡು ಪೂರ್ತಿ ಅವರ ಕೈಗೇ ಹೋಗುತ್ತದೆ. ಮಳೆಗಾಲದಲ್ಲಿ ಅವರು ಬೇಡ ಅಂದರೆ ಬೇಡ ಅಂತಲೇ ತಿಳಿಯಿರಿ, ಒದ್ದೆ ಗುಂಡುಗಳ ಮೇಲೆ ಕಾಲು ನಿಲ್ಲುವುದಿಲ್ಲ.

ಕಂಪನಿಯ ಬಸ್ಸೇ ಬೇಕು ಅನ್ನುವವರು ದುಡ್ಡು ಕಟ್ಟುವ ಮೊದಲು ಫೋನು ಮಾಡಿ ಕೇಳಿ. ಒಬ್ಬ ಗೈಡಿಗೆ ಎಷ್ಟು ಜನ? ಬೆಟ್ಟ ಹತ್ತಲು ಶುರು ಮಾಡುವುದು ಎಷ್ಟು ಗಂಟೆಗೆ? ಬಸ್ಸು ಹೊರಡುವ ಹೊತ್ತನ್ನೇ ಹೇಳಿ ತಪ್ಪಿಸಿಕೊಳ್ಳುತ್ತಾರೆ, ಬಿಡಬೇಡಿ. ಅದೇ ದಿನ ಇನ್ನೊಂದು ಜಾಗಕ್ಕೂ ಕರೆದುಕೊಂಡು ಹೋಗುತ್ತಾರಾ? ಹೌದು ಅಂದರೆ ಮಧುಗಿರಿಯ ತುದಿ ನಿಮಗಿಲ್ಲ. ಅಂತರಗಂಗೆಗಾದರೆ ತಲೆಗೆ ಕಟ್ಟುವ ಟಾರ್ಚು ಕೊಡುತ್ತಾರಾ ಅಂತಲೂ ಕೇಳಿ. ಮೊಬೈಲ್ ಬೆಳಕು ಸಾಕು ಅಂತ ಹೇಳಿದರೆ ಆ ಗವಿಯೊಳಗೆ ಅವರು ಇಳಿದೇ ಇಲ್ಲ. ಅಲ್ಲಿ ಎರಡೂ ಕೈ ಕಲ್ಲಿಗೇ ಬೇಕು.