ಟರ್ಬೊ ಹೋಯ್ತು ಅಂದ್ರೆ ಮೊದಲು ಆಯಿಲ್ ಚೇಂಬರ್ ಬಿಚ್ಚಿಸಿ

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇರುವ ಕಾರಿನಲ್ಲಿ ಘಾಟಿ ಹತ್ತಿ ಇಳಿಯುವವರೆಲ್ಲ ದಯವಿಟ್ಟು ಇದನ್ನು ಓದಿ. ಆರು ತಿಂಗಳಲ್ಲಿ ನನ್ನ ಡೀಸೆಲ್ ಕಾರಿನ ಎರಡು ಟರ್ಬೊ ಹೋದವು, ಬೇರಿಂಗ್ ಹೋದವು, ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರಾಂಕ್ ಹಾಳಾಯ್ತು. ಒಟ್ಟು 1,85,000 ರೂಪಾಯಿ ಖರ್ಚು. ಇಷ್ಟಕ್ಕೂ ಕಾರಣ ಆಯಿಲ್ ಸೋರದಂತೆ ಜೋಡಣೆಗೆ ಹಚ್ಚುವ, ಒಂದು ಚಮಚದಷ್ಟು ಗ್ಯಾಸ್ಕೆಟ್ ಪೇಸ್ಟ್.

ನಮ್ಮ ತೋಟ ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿದೆ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಜುಲೈ ಮಳೆಗೆ ಮಣ್ಣು ಕೊಚ್ಚಿಹೋಗಿ ಕಲ್ಲುಗಳು ಎದ್ದಿದ್ದವು. ಒಂದು ಕಲ್ಲು ಅಡಿಗೆ ಬಡಿದು ಆಯಿಲ್ ಚೇಂಬರ್, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಒಡೆಯಿತು. ತಕ್ಷಣ ಎಂಜಿನ್ ಆಫ್ ಮಾಡಿದ್ದೆ, ಆವತ್ತು ಏನೂ ತೊಂದರೆ ಆಗಲಿಲ್ಲ. ಕಾರನ್ನು ಎಳೆಸಿಕೊಂಡು ಹೋಗಿ ಒಂದು ಗ್ಯಾರೇಜಿಗೆ ಕೊಟ್ಟೆ. ಮಧ್ಯಾಹ್ನ ಕೊಟ್ಟದ್ದು, ಸಂಜೆಗೇ ಹೊಸ ಚೇಂಬರ್ ಕೂರಿಸಿ, ಆಯಿಲ್ ತುಂಬಿ ವಾಪಸ್ ಕೊಟ್ಟರು. ಮಳೆಗಾಲದಲ್ಲಿ ಕಾರಿಲ್ಲದೆ ಕಷ್ಟ ಅಲ್ವಾ, ಬೇಗ ಆಯ್ತಲ್ಲ ಅಂತ ಖುಷಿಯಾಗಿಯೇ ಬಂದೆ.

ಅಕ್ಟೋಬರ್‌ನಲ್ಲಿ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದೆ. ಸಂಪಾಜೆ ದಾಟಿ ಘಾಟಿ ಹತ್ತುವಾಗ, ಜೋಡುಪಾಲದ ಹತ್ತಿರ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಆಂಬುಲೆನ್ಸ್ ಸೈರನ್ ಥರ ಒಂದು ಕೂಗು ಕೇಳಿಸತೊಡಗಿತು. ಮದೆನಾಡು ಬರುವಷ್ಟರಲ್ಲಿ ಪಿಕಪ್ ಪೂರ್ತಿ ಹೋಯಿತು, ಹಿಂದೆ ನೀಲಿ ಹೊಗೆ. ಹೇಗೋ ಮಡಿಕೇರಿ ಮುಟ್ಟಿಸಿದೆ.

ಎರಡನೇ ಗ್ಯಾರೇಜಿನವರು ಏರ್ ಪೈಪ್ ಬಿಚ್ಚಿ ಟರ್ಬೊ ಚಕ್ರವನ್ನು ಬೆರಳಿನಲ್ಲಿ ಅಲ್ಲಾಡಿಸಿದರು. ಹಿಂದೆ ಮುಂದೆ ಎಳೆದರೆ ಕಣ್ಣಿಗೆ ಕಾಣುವಷ್ಟು ಆಟ. ಚಕ್ರದ ಅಂಚು ಹೌಸಿಂಗಿಗೆ ತಾಗಿ ಸವೆದಿತ್ತು. "ಟರ್ಬೊ ಹೋಗಿದೆ ಸಾರ್, ಓಡಿದ್ದು ಜಾಸ್ತಿ ಆಯ್ತಲ್ಲ" ಅಂದರು. 1,30,000 ಕಿಲೋಮೀಟರ್ ಓಡಿದ ಕಾರು, ನಾನೂ ಒಪ್ಪಿಕೊಂಡೆ. ರಿಕಂಡಿಷನ್ ಮಾಡಿದ ಟರ್ಬೊ ಹಾಕಿಸಿದೆ. ಅದು ಯಾಕೆ ಹೋಯಿತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗಬಹುದು. ಹೆಚ್ಚಿನ ಕಾರುಗಳ ಟರ್ಬೊದಲ್ಲಿ ಬಾಲ್ ಬೇರಿಂಗ್ ಇಲ್ಲ. ಬುಷ್ ಥರದ ಬೇರಿಂಗ್, ಅದರ ಒಳಗೂ ಹೊರಗೂ ತೆಳ್ಳನೆಯ ಆಯಿಲ್ ಪದರ. ಶಾಫ್ಟ್ ನಿಜವಾಗಿ ಆ ಆಯಿಲ್ ಮೇಲೆಯೇ ತೇಲುತ್ತಿರುತ್ತದೆ. ಈ ಆಯಿಲ್ ಬರುವುದು ಎಂಜಿನ್ನಿನಿಂದಲೇ, ಪೆನ್ಸಿಲ್‌ಗಿಂತ ಸಣ್ಣ ಪೈಪಿನಲ್ಲಿ. ಎಂಜಿನ್ನಿನಲ್ಲಿ ಆಯಿಲ್ ಪ್ರೆಷರ್ ಕಡಿಮೆಯಾದರೆ ಮೊದಲು ಸಾಯುವುದು ಸಾಮಾನ್ಯವಾಗಿ ಟರ್ಬೊ. ಅದರ ಹಿಂದೆಯೇ, ಪಿಸ್ಟನ್ನನ್ನು ಕ್ರಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್, ಅಂದರೆ ಬಿಗ್ ಎಂಡ್. ನನಗೂ ಅದೇ ಕ್ರಮದಲ್ಲಿ ಆಯಿತು.

ಹೊಸ ಟರ್ಬೊ ಹಾಕಿ 700 ಕಿಲೋಮೀಟರ್ ಆಗಿರಲಿಲ್ಲ. ಡಿಸೆಂಬರ್, ತೋಟದಲ್ಲಿ ಕಾಫಿ ಕೊಯ್ಲು ಶುರುವಾದ ಸಮಯ. ಕುಶಾಲನಗರದಿಂದ ಬರುವಾಗ ಆಯಿಲ್ ಲ್ಯಾಂಪ್, ಅದೇ ಕೆಂಪು ಹೂಜಿ ಗುರುತು, ಎರಡು ಸಲ ಮಿನುಗಿತು. ನಿಲ್ಲಿಸಿ ಸ್ಟಿಕ್ ಎಳೆದು ನೋಡಿದೆ, ಆಯಿಲ್ ಸರಿಯಾಗಿಯೇ ಇದೆ. ಮತ್ತೆ ಸ್ಟಾರ್ಟ್ ಮಾಡಿದರೆ ಲ್ಯಾಂಪ್ ಇಲ್ಲ. ಗ್ಯಾರೇಜಿಗೆ ಫೋನ್ ಮಾಡಿದರೆ "ಸೆನ್ಸರ್ ಇರಬೇಕು ಸಾರ್, ಮೆಲ್ಲ ಬನ್ನಿ" ಅಂದರು. ಮೆಲ್ಲನೆ ಓಡಿಸಿದೆ. ಹನ್ನೆರಡು ಕಿಲೋಮೀಟರ್. ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಎಂಜಿನ್ ಒಳಗಿನಿಂದ ಟಕ್ ಟಕ್ ಟಕ್ ಅಂತ, ಸುತ್ತಿಗೆಯಲ್ಲಿ ಬಡಿದ ಹಾಗೆ ಶಬ್ದ. ಜೊತೆಗೆ ಟರ್ಬೊದ ಅದೇ ಹಳೆಯ ಕೂಗು.

ದಯವಿಟ್ಟು ಇದೊಂದನ್ನು ನೆನಪಿಡಿ. ಸ್ಟಿಕ್ ಹೇಳುವುದು ಚೇಂಬರ್‌ನಲ್ಲಿ ಎಷ್ಟು ಆಯಿಲ್ ಇದೆ ಅನ್ನುವುದನ್ನು ಮಾತ್ರ. ಅದು ಬೇರಿಂಗಿಗೆ ತಲುಪುತ್ತಿದೆಯೇ ಅನ್ನುವುದು ಅದಕ್ಕೆ ಗೊತ್ತಿಲ್ಲ. ಆ ಕೆಂಪು ಲ್ಯಾಂಪೂ ತಡವಾಗಿಯೇ ಹೇಳುತ್ತದೆ. ಸಾಮಾನ್ಯವಾಗಿ ಪ್ರೆಷರ್ ಅರ್ಧ ಬಾರ್ (ಬಾರ್ ಅಂದರೆ ಪ್ರೆಷರ್ ಅಳೆಯುವ ಮಾಪ) ಆಸುಪಾಸಿಗೆ ಇಳಿದ ಮೇಲೆಯೇ ಅದು ಹತ್ತುವುದು. ಘಾಟಿ ಹತ್ತುವ ಎಂಜಿನ್ನಿಗೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಪ್ರೆಷರ್ ಬೇಕು. ಲ್ಯಾಂಪ್ ಹತ್ತಿದರೆ ಅಲ್ಲೇ ಆಫ್ ಮಾಡಿ, ಎಳೆಸಿಕೊಂಡು ಹೋಗಿ. ಟೋ ಮಾಡುವವನು ಐದು ಸಾವಿರ ಕೇಳಿದರೂ ಕೊಡಿ.

ಈ ಸಲ ಪರಿಚಯದ ಅಣ್ಣ ಒಬ್ಬರು, "ಸುಮ್ನೆ ಇನ್ನೊಂದು ಟರ್ಬೊ ಹಾಕಿಸಬೇಡ ಮಾರಾಯ" ಅಂತ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಕಳಿಸಿದರು. ವಯಸ್ಸು ಅರವತ್ತು ದಾಟಿದೆ, ಮಾತು ಕಡಿಮೆ. ಅವರು ಟರ್ಬೊ ಮುಟ್ಟಲೇ ಇಲ್ಲ. ಮೊದಲು ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ ಸ್ಟಾರ್ಟ್ ಮಾಡಿಸಿದರು. ಒಂದು ನಿಮಿಷ ಪ್ರೆಷರ್ ಚೆನ್ನಾಗಿತ್ತು. ಆಮೇಲೆ ಮುಳ್ಳು ನಿಧಾನಕ್ಕೆ ಇಳಿಯತೊಡಗಿತು. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. "ಪಂಪ್ ಹೋಗಿದ್ದರೆ ಹೀಗೆ ಆಗಲ್ಲ. ಬಾಯಿಗೆ ಏನೋ ಅಡ್ಡ ಬರ್ತಿದೆ" ಅಂದರು.

ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಒಂದೊಂದೇ ಇಂಜೆಕ್ಟರಿನ ವೈರ್ ಸಾಕೆಟ್ ತೆಗೆದು ಶಬ್ದ ಕೇಳಿದರು. ಮೂರನೆಯದನ್ನು ತೆಗೆದಾಗ ಟಕ್ ಟಕ್ ಮೆತ್ತಗಾಯಿತು. ಆ ಸಿಲಿಂಡರಿನಲ್ಲಿ ಬೆಂಕಿ ಇಲ್ಲ, ರಾಡಿನ ಮೇಲೆ ಹೊಡೆತ ಇಲ್ಲ, ಹಾಗಾಗಿ ಅದೇ ರಾಡಿನ ಬೇರಿಂಗ್ ಹೋಗಿರುವುದು. (ಕಾಮನ್ ರೈಲ್ ಡೀಸೆಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವ ಎಂಜಿನ್ನಿನಲ್ಲಿ, ಹಳೆ ಜೀಪಿನ ಹಾಗೆ ಇಂಜೆಕ್ಟರ್ ಪೈಪ್ ಸಡಿಲ ಮಾಡಲು ಹೋಗಬೇಡಿ. ಅಲ್ಲಿ ಸಾವಿರ ಬಾರ್‌ಗಿಂತ ಹೆಚ್ಚು ಪ್ರೆಷರ್ ಇರಬಹುದು, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.) ಆಯಿಲ್ ಫಿಲ್ಟರ್ ಕೊಯ್ದು ಕಾಗದವನ್ನು ಬಿಸಿಲಿಗೆ ಹಿಡಿದಾಗ ಮಿನುಗುವ ಪುಡಿ ಕಂಡಿತು. ಅಯಸ್ಕಾಂತ ಇಟ್ಟರೆ ಅಂಟಲಿಲ್ಲ, ಅದರಲ್ಲಿ ಸ್ವಲ್ಪ ತಾಮ್ರದ ಬಣ್ಣ. ಬೇರಿಂಗಿನ ಮೇಲಿನ ಮೆತ್ತನೆಯ ಪದರ ಸವೆದು ಕೆಳಗಿನ ತಾಮ್ರ ಬಂದಾಗ ಈ ಬಣ್ಣ ಕಾಣುತ್ತದಂತೆ.

ಕೊನೆಗೆ ಚೇಂಬರ್ ಬಿಚ್ಚಿದರು. ಆಯಿಲ್ ಹೀರುವ ಸ್ಟ್ರೈನರ್ ಜಾಲರಿಗೆ ಬೂದು ಬಣ್ಣದ ರಬ್ಬರ್ ಚೂರುಗಳು ಮೆತ್ತಿಕೊಂಡಿದ್ದವು, ಶಾವಿಗೆ ತುಂಡುಗಳ ಹಾಗೆ. ಇನ್ನಷ್ಟು ಚೇಂಬರ್ ತಳದಲ್ಲಿ ಬಿದ್ದಿದ್ದವು. ಜುಲೈಯಲ್ಲಿ ಹಾಕಿದ ಸಿಲಿಕಾನ್ ಪೇಸ್ಟ್ ಅದು. ಜಾಸ್ತಿ ಹಚ್ಚಿ ಬೋಲ್ಟ್ ಬಿಗಿದರೆ ಅರ್ಧ ಹೊರಗೆ, ಅರ್ಧ ಒಳಗೆ ಹಿಂಡಿಕೊಂಡು ಬರುತ್ತದೆ. ಹೊರಗಿನದನ್ನು ಒರೆಸಿ ಚೆಂದ ಮಾಡುತ್ತಾರೆ, ಒಳಗಿನದು ಯಾರಿಗೂ ಕಾಣುವುದಿಲ್ಲ. ಅದು ಒಣಗುವ ಮೊದಲೇ ಆಯಿಲ್ ಸುರಿದರೆ ಕಿತ್ತು ಬರುವುದು ಇನ್ನೂ ಸುಲಭ. ಎಂಜಿನ್ ಓಡುವಾಗ ಆ ಚೂರುಗಳು ಜಾಲರಿಗೆ ಬಂದು ಕೂರುತ್ತವೆ, ನಿಲ್ಲಿಸಿದರೆ ಉದುರಿ ಕೆಳಗೆ ಬೀಳುತ್ತವೆ. ಅದಕ್ಕೇ ರಸ್ತೆ ಬದಿ ನಿಲ್ಲಿಸಿ ಸ್ಟಾರ್ಟ್ ಮಾಡಿದಾಗ ಲ್ಯಾಂಪ್ ಹೋಗಿದ್ದು. ಅದಕ್ಕೇ ಗೇಜ್ ಹಾಕಿ ಸ್ಟಾರ್ಟ್ ಮಾಡಿದಾಗಲೂ ಮೊದಲ ನಿಮಿಷ ಪ್ರೆಷರ್ ಸರಿ ಕಂಡದ್ದು. ಇದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತಿದ್ದೆ. ಟರ್ಬೊ ಸೀಲ್ ಪೂರ್ತಿ ಹೋದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಓಡಬಹುದು. ಹಾಗಾದರೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಆಫ್ ಮಾಡಬೇಕು ಅಂತ ಆ ಹಳೆಯ ಮೆಕ್ಯಾನಿಕ್ ಹೇಳಿಕೊಟ್ಟರು.

ಮೂರನೇ ರಾಡಿನ ಬೇರಿಂಗ್ ಕಾಗದದ ಹಾಗೆ ತೆಳ್ಳಗಾಗಿತ್ತು. ಕ್ರಾಂಕನ್ನು ಮೈಸೂರಿಗೆ ಕಳಿಸಿ ಗ್ರೈಂಡಿಂಗ್ ಮಾಡಿಸಿ ಅದಕ್ಕೆ ಹೊಂದುವ 0.25 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಹಾಕಿದೆವು. ಎಲ್ಲ ಎಂಜಿನ್ನಿನ ಕ್ರಾಂಕಿಗೂ ಇದು ಆಗುವುದಿಲ್ಲ, ನಮ್ಮ ಅದೃಷ್ಟ. ಟರ್ಬೊ ಆಯಿಲ್ ಪೈಪ್ ಹೊಸದೇ ಹಾಕಿಸಿದರು. ಹಳೆಯದನ್ನು ತೊಳೆದು ಹಾಕುತ್ತೇವೆ ಅಂದರೆ ಒಪ್ಪಬೇಡಿ, ಒಳಗೆ ಕರಿ ಕಟ್ಟಿರುತ್ತದೆ. ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ನಲ್ಲಿ ನಿಂತಿದ್ದ ಆಯಿಲ್ ತೆಗೆದರು, ಆಯಿಲ್ ಕೂಲರ್ ಬದಲಿಸಿದರು. ಬೇರಿಂಗ್ ಪುಡಿ ಅಲ್ಲಿ ಉಳಿದಿದ್ದರೆ ಹೊಸ ಬೇರಿಂಗೂ ಹೋಗುತ್ತಿತ್ತು.

ಚೇಂಬರಿಗೆ ಈ ಸಲ ಪೇಸ್ಟ್ ಸಣ್ಣ ದಾರದಷ್ಟೇ ಹಚ್ಚಿ, ಕೂರಿಸಿ, ಮರುದಿನ ಆಯಿಲ್ ಹಾಕಿದರು. ಟರ್ಬೊ ಒಳಗೆ ಕೈಯಲ್ಲೇ ಆಯಿಲ್ ಬಿಟ್ಟು ಶಾಫ್ಟ್ ತಿರುಗಿಸಿದರು. ಇಂಜೆಕ್ಟರ್ ಸಾಕೆಟ್‌ಗಳನ್ನು ತೆಗೆದಿಟ್ಟು, ಗೇಜಿನ ಮುಳ್ಳು ಏಳುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು, ಆಮೇಲೆಯೇ ಸ್ಟಾರ್ಟ್ ಮಾಡಿದರು.

ಮೊದಲ ಸಾವಿರ ಕಿಲೋಮೀಟರ್ ಮೆಲ್ಲ ಓಡಿಸಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಂಪಾಜೆ ತನಕ ಇಳಿದು ವಾಪಸ್ ಹತ್ತಿದೆ. ಮಡಿಕೇರಿಯಲ್ಲಿ ನಿಲ್ಲಿಸಿ, ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಬಾನೆಟ್ ಎತ್ತಿ ಗೇಜ್ ನೋಡಿದೆವು. ಬಿಸಿ ಎಂಜಿನ್, ಒಂದೂವರೆ ಬಾರ್. ಮುಳ್ಳು ಅಲ್ಲಾಡಲಿಲ್ಲ.