ಉಣುಗು ತೆಗೆಯುವ ಕಿಟ್: ಚಿಮಟಕ್ಕೆ ಕೊಟ್ಟ ಹಣ ಸಾರ್ಥಕ, ಉಳಿದದ್ದಕ್ಕೆ ಅಲ್ಲ

ಆನ್‌ಲೈನ್ ಅಂಗಡಿಗಳಲ್ಲಿ ‘ಟಿಕ್ ರಿಮೂವರ್ ಕಿಟ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಪುಟ್ಟ ಜಿಪ್ ಚೀಲವೊಂದನ್ನು ತರಿಸಿಕೊಂಡಿದ್ದೆ. ಅದರೊಳಗೆ ಚೂಪು ತುದಿಯ ಒಂದು ಸ್ಟೀಲ್ ಚಿಮಟ, ಎರಡು ಗಾತ್ರದ ಪ್ಲಾಸ್ಟಿಕ್ ಕೊಕ್ಕೆಗಳು, ಅಂಚಿನಲ್ಲಿ ಸೀಳಿರುವ ಒಂದು ಪ್ಲಾಸ್ಟಿಕ್ ಕಾರ್ಡು, ಭೂತಗನ್ನಡಿ, ಕೆಲವು ಸ್ಪಿರಿಟ್ ಪಟ್ಟಿಗಳು, ಉಣುಗು ಹತ್ತದಂತೆ ಮೈಗೆ ಹಚ್ಚಲೆಂದಿರುವ, ಗಿಡಮೂಲಿಕೆಯದೆಂದು ಹೇಳಿಕೊಳ್ಳುವ ರೋಲ್ ಆನ್ ಶೀಶೆ ಮತ್ತು ಇಂಗ್ಲಿಷಿನ ಸೂಚನಾ ಹಾಳೆ ಇವೆ. ಬೆಲೆ ಐನೂರು ರೂಪಾಯಿಗಿಂತ ಸ್ವಲ್ಪ ಕಡಿಮೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋಗಬೇಕಾದ ನಮ್ಮ ಮನೆಯಲ್ಲಿ ದನದ ಹಟ್ಟಿ, ನಾಯಿ, ಗೇರುಬೀಜದ ಗುಡ್ಡೆ ಈ ಮೂರೂ ಇರುವುದರಿಂದ ಕಿಟ್ಟಿನ ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸುವುದಕ್ಕೆ ಅವಕಾಶಗಳಿಗೇನೂ ಕೊರತೆಯಾಗಲಿಲ್ಲ.

ಇಂತಹ ಉಪಕರಣವನ್ನು ಅಳೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವ ಗಾತ್ರದ ಉಣುಗಿಗೆ ಎಂಬುದು. ದನದ ಕೆಚ್ಚಲಿನ ಬಳಿ ಅಥವಾ ನಾಯಿಯ ಕಿವಿಯೊಳಗೆ ರಕ್ತ ಕುಡಿದು ಉಬ್ಬಿ ಕುಳಿತಿರುವ ಉಣುಗನ್ನು ಯಾರಾದರೂ ಕಾಣಬಲ್ಲರು, ಹೇಗಾದರೂ ಹಿಡಿಯಬಲ್ಲರು. ಆದರೆ ತರಗೆಲೆ ಬಾಚುವವರ, ಗೇರುಬೀಜ ಹೆಕ್ಕುವವರ, ಮುಳಿಹುಲ್ಲಿನ ಪದವಿನಲ್ಲಿ ನಡೆಯುವವರ ಮೈಗೆ ಹತ್ತುವುದು ಹೆಚ್ಚಾಗಿ ಅದರ ಮರಿ. ಮೊಟ್ಟೆಯಿಂದ ಹೊರಬಂದಾಗ ಆರು ಕಾಲುಗಳಿದ್ದು, ಒಮ್ಮೆ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು ಕಾಲುಗಳನ್ನು ಪಡೆಯುವ ಈ ಎರಡನೆಯ ಹಂತದ ಮರಿ ಎಳ್ಳುಕಾಳಿಗಿಂತಲೂ ಚಿಕ್ಕದಿರಬಹುದು. ಮಂಗನ ಕಾಯಿಲೆಯನ್ನು ಹರಡುವ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮನುಷ್ಯರಿಗೆ ರೋಗವನ್ನು ದಾಟಿಸುವುದು ಮುಖ್ಯವಾಗಿ ಇದೇ ಹಂತದಲ್ಲಿ, ಮತ್ತು ಆ ಮರಿಗಳ ಕಾಲವು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ನಮ್ಮ ಗೇರುಬೀಜದ ಕೊಯ್ಲಿನ ಜತೆಜತೆಗೇ ಬರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಕಿಟ್ಟಿನಲ್ಲಿ ನಿಜವಾಗಿ ಬೆಲೆಬಾಳುವ ವಸ್ತು ಚಿಮಟ. ಹುಬ್ಬಿನ ಕೂದಲು ಕೀಳುವ ಚಪ್ಪಟೆ ತುದಿಯ ಚಿಮಟದಿಂದ ಹಿಡಿದರೆ ಉಣುಗಿನ ಹೊಟ್ಟೆಯೇ ಅದುಮಿಹೋಗಿ ಅದರೊಳಗಿನ ದ್ರವ ಗಾಯಕ್ಕೆ ಸೇರುವ ಅಪಾಯವಿರುತ್ತದೆ. ಇದರ ತುದಿಗಳಾದರೋ ವಾಚು ರಿಪೇರಿಯವರ ಚಿಮಟದಷ್ಟು ಸಪೂರವಾಗಿದ್ದು, ಚರ್ಮಕ್ಕೆ ತಾಗಿಸಿಕೊಂಡು ಉಣುಗಿನ ಮೂತಿಯನ್ನಷ್ಟೇ ಹಿಡಿಯುವುದಕ್ಕೆ ಸಾಧ್ಯವಾಗುತ್ತದೆ. ಕೊಂಡ ಕೂಡಲೇ ಮುಂಗೈಯ ಒಂದೇ ಒಂದು ರೋಮವನ್ನು ಹಿಡಿದೆಳೆದು ನೋಡಿದೆ, ಜಾರಲಿಲ್ಲ. ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡದ ಚಿಮಟ ಎಷ್ಟು ಚೂಪಾಗಿದ್ದರೂ ನಿಷ್ಪ್ರಯೋಜಕವಾದುದರಿಂದ, ಬೇರೆ ಕಡೆ ಕೊಳ್ಳುವವರೂ ಈ ಪರೀಕ್ಷೆಯನ್ನು ಮಾಡಿಕೊಳ್ಳುವುದು ಒಳ್ಳೆಯದು.

ಬಳಸುವ ಕ್ರಮ ಸರಳವಾದರೂ ಆತುರಕ್ಕೆ ಒಗ್ಗುವುದಿಲ್ಲ. ಉಣುಗಿನ ಮೂತಿಯಲ್ಲಿ ಹಿಮ್ಮುಖವಾಗಿ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ; ಹಲವು ಜಾತಿಗಳು ಅಂಟಿನಂತಹ ದ್ರವವನ್ನು ಸುರಿಸಿ ತಮ್ಮನ್ನು ಚರ್ಮಕ್ಕೆ ಬೆಸೆದುಕೊಂಡೂ ಇರುತ್ತವೆ. ಆದ್ದರಿಂದ ಜಗ್ಗದೆ, ತಿರುಚದೆ, ಒಂದೇ ಸಮನಾದ ಬಲದಿಂದ ನೇರ ಮೇಲಕ್ಕೆ ಎಳೆಯುತ್ತಿರಬೇಕು. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ, ಕೆಲವು ಕ್ಷಣಗಳಾದ ಮೇಲೆ ಹಿಡಿತ ಬಿಡುತ್ತದೆ. ಮೂತಿಯ ತುಂಡು ಒಳಗೆ ಉಳಿದರೆ ಸುಲಭವಾಗಿ ಬರುವುದಾದರೆ ಮಾತ್ರ ತೆಗೆಯಬೇಕು. ಸೂಜಿ ಹಾಕಿ ಕೆದಕಿ ಹುಣ್ಣು ಮಾಡಿಕೊಳ್ಳುವುದಕ್ಕಿಂತ ಅದನ್ನು ಹಾಗೆಯೇ ಬಿಟ್ಟು ಚರ್ಮ ಮಾಯಲು ಬಿಡುವುದು ಮೇಲು. ಆ ಬಳಿಕ ಜಾಗವನ್ನೂ ಕೈಯನ್ನೂ ಸಾಬೂನು ನೀರಿನಿಂದಲೋ ಸ್ಪಿರಿಟ್ಟಿನಿಂದಲೋ ತೊಳೆಯಬೇಕು. ತೆಗೆದ ಉಣುಗನ್ನು ಉಗುರಿನಲ್ಲಿ ಕುಟ್ಟುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು, ಆದರೆ ಅದನ್ನು ಬಿಡಲೇಬೇಕು. ಸ್ಪಿರಿಟ್ಟಿನಲ್ಲಿ ಮುಳುಗಿಸಿದರೆ ಅಥವಾ ಅಂಟುಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿ ಎಸೆದರೆ ಸಾಕು. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ, ಊದುಬತ್ತಿಯ ಕೆಂಡ ಇವುಗಳಿಂದ ಉಣುಗು ತಾನಾಗಿ ಬಿಟ್ಟುಬಿಡುತ್ತದೆಂದು ಕಾಯುವುದರಲ್ಲಿಯೂ ಲಾಭವಿಲ್ಲ, ಏಕೆಂದರೆ ಆ ಹೊತ್ತಿನಷ್ಟೂ ಅದು ಕಚ್ಚಿಕೊಂಡೇ ಇರುತ್ತದೆ ಮತ್ತು ಕೆರಳಿದ ಉಣುಗು ಇನ್ನಷ್ಟು ಜೊಲ್ಲನ್ನು ಗಾಯದೊಳಕ್ಕೆ ಬಿಡಬಹುದು.

ಕೊಕ್ಕೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡಾಗಿದೆ. ಎರಡು ಕವಲುಗಳ ನಡುವೆ ಉಣುಗನ್ನು ಬದಿಯಿಂದ ಸಿಕ್ಕಿಸಿ, ಸ್ವಲ್ಪ ಎತ್ತಿ ಹಿಡಿದು ತಿರುಗಿಸುವುದು ಇದರ ಕ್ರಮ. ಹೊಟ್ಟೆಯನ್ನು ಅದುಮದೆ ಕೆಲಸ ಮುಗಿಯುವುದು ಇದರ ದೊಡ್ಡ ಗುಣ. ನಾಯಿಯ ಮೈಯ ಕೂದಲ ನಡುವೆ ಚಿಮಟಕ್ಕಿಂತ ಇದೇ ಸಲೀಸು, ನಾಯಿಯೂ ಅಷ್ಟಾಗಿ ಕೊಸರಾಡುವುದಿಲ್ಲ. ಆದರೆ ಸಣ್ಣ ಕೊಕ್ಕೆಯ ಕವಲುಗಳೂ ಮರಿ ಉಣುಗಿಗೆ ಅಗಲವಾಗುತ್ತವೆ. ಮರಿ ಅದರ ನಡುವಿನಿಂದ ನುಸುಳಿ ಅಲ್ಲಿಯೇ ಉಳಿಯುತ್ತದೆ. ಸೂಚನಾ ಹಾಳೆಯು ಚಿಮಟವನ್ನೂ ಕೊಕ್ಕೆಯನ್ನೂ ಒಟ್ಟಿಗೆ ಸೇರಿಸಿ ‘ಎಡಕ್ಕೆ ತಿರುಗಿಸಿ ತೆಗೆಯಿರಿ’ ಎನ್ನುವುದು ಸರಿಯಲ್ಲ. ಉಣುಗಿನ ಮೂತಿಯಲ್ಲಿ ತಿರುಪಿನ ಎಳೆಗಳಿಲ್ಲದ ಕಾರಣ ಎಡ ಬಲದ ಪ್ರಶ್ನೆಯೇ ಬರುವುದಿಲ್ಲ. ತಿರುಗಿಸುವುದು ಕೊಕ್ಕೆಗೆ ಮಾತ್ರ ಹೊಂದುವ ಕ್ರಮ. ಚಿಮಟದಲ್ಲಿ ಹಿಡಿದು ತಿರುಚಿದರೆ ಮೂತಿ ಮುರಿದು ಒಳಗುಳಿಯುವ ಸಂಭವವೇ ಹೆಚ್ಚು.

ಕಾರ್ಡು ಸಮತಟ್ಟಾದ ಚರ್ಮದ ಮೇಲೆ ಹೇಗೋ ನಡೆಯುತ್ತದೆ, ಆದರೆ ಉಣುಗು ಕೂರುವ ಕಂಕುಳು, ಕಿವಿಯ ಹಿಂಭಾಗ, ಮೊಣಕಾಲಿನ ಹಿಂಬದಿ, ಹೊಕ್ಕುಳು, ಸೊಂಟದ ಉಡಿದಾರದ ಅಡಿ, ತೊಡೆಸಂದು ಇವ್ಯಾವುವೂ ಸಮತಟ್ಟಲ್ಲ. ಸ್ಪಿರಿಟ್ ಪಟ್ಟಿಗಳಲ್ಲಿ ಕೆಲವು ಒಣಗಿಯೇ ಬಂದಿದ್ದವು. ಭೂತಗನ್ನಡಿ ಮಾತ್ರ ನಿರೀಕ್ಷೆಗಿಂತ ಚೆನ್ನಾಗಿದೆ. ಐವತ್ತು ದಾಟಿದ ಕಣ್ಣಿಗೆ, ಚರ್ಮದ ಮೇಲಿರುವುದು ಮಚ್ಚೆಯೋ ಮರಿಯೋ ಎಂದು ತಿಳಿಯಲು ಅದು ಬೇಕೇ ಬೇಕು.

ನನಗೆ ನಿಜವಾಗಿ ಅಸಮಾಧಾನವಾದದ್ದು ಸೂಚನಾ ಹಾಳೆಯ ಇನ್ನೊಂದು ವಾಕ್ಯದ ಬಗ್ಗೆ. ಉಣುಗನ್ನು 24 ಗಂಟೆಗಳೊಳಗೆ ತೆಗೆದರೆ ರೋಗದ ಭಯವಿಲ್ಲ ಎಂದು ಅದರಲ್ಲಿ ಬರೆದಿದೆ. ಅಮೆರಿಕ ಮತ್ತು ಯುರೋಪಿನಲ್ಲಿ ಕಾಣಿಸುವ ಲೈಮ್ ಎಂಬ ಬ್ಯಾಕ್ಟೀರಿಯಾ ರೋಗದ ಲೆಕ್ಕಾಚಾರವನ್ನು ಇಲ್ಲಿಗೆ ಹಾಗೆಯೇ ತಂದಿಟ್ಟಂತೆ ಇದು ಕಾಣುತ್ತದೆ. ಮಂಗನ ಕಾಯಿಲೆಗೆ ಕಾರಣವಾದದ್ದು ವೈರಸ್. ಅದೇ ಕುಲಕ್ಕೆ ಸೇರಿದ ಉತ್ತರ ಅಮೆರಿಕದ ಪೊವಾಸನ್ ವೈರಸ್, ಉಣುಗು ಕಚ್ಚಿದ ಕಾಲು ಗಂಟೆಯೊಳಗೇ ದಾಟಬಲ್ಲದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗಿರುವಾಗ 24 ಗಂಟೆಗಳ ಭರವಸೆಯನ್ನು ನಂಬಿ, ಸಂಜೆ ಕಂಡ ಉಣುಗನ್ನು ಬೆಳಿಗ್ಗೆ ನೋಡಿಕೊಳ್ಳೋಣವೆಂದು ಮಲಗುವುದು ಸಲ್ಲದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯಲ್ಲಿ, 2015ರ ಹೊತ್ತಿಗೆ ವಯನಾಡಿನಲ್ಲಿ ಕಾಣಿಸಿಕೊಂಡಿದೆ. ಕಾಸರಗೋಡು ಈ ಎರಡರ ನಡುವೆ ಇದೆ ಎಂಬುದನ್ನು ಮರೆಯಬಾರದು. ಹಿಂದೆ ಕರ್ನಾಟಕದಲ್ಲಿ ಕೊಡುತ್ತಿದ್ದ ಲಸಿಕೆಯನ್ನೂ ಅದರ ಪರಿಣಾಮ ಸಾಲದೆಂಬ ಕಾರಣಕ್ಕೆ ನಿಲ್ಲಿಸಲಾಗಿದೆ. ಆದ್ದರಿಂದ ಹಾಳೆಯಲ್ಲಿ ಇರಬೇಕಾಗಿದ್ದ ಸೂಚನೆ ಬೇರೆಯೇ: ಉಣುಗು ಕಂಡ ದಿನವನ್ನು ಗುರುತು ಹಾಕಿಟ್ಟುಕೊಳ್ಳಬೇಕು, ಮುಂದಿನ ದಿನಗಳಲ್ಲಿ ಹಠಾತ್ತಾಗಿ ಜ್ವರ, ತಲೆನೋವು, ಸಹಿಸಲಾಗದ ಮೈಕೈನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮತ್ತು ವೈದ್ಯರು ಕೇಳುವ ಮೊದಲೇ ಅವರಿಗೆ ಉಣುಗಿನ ವಿಷಯ ಹೇಳಬೇಕು. ಡೆಂಗಿ, ಇಲಿಜ್ವರಗಳೇ ಹೆಚ್ಚಾಗಿರುವ ನಮ್ಮೂರಿನಲ್ಲಿ ಈ ಒಂದು ಮಾತನ್ನು ಹೇಳದಿದ್ದರೆ ಪರೀಕ್ಷೆ ಬೇರೆ ದಾರಿಯಲ್ಲಿ ಸಾಗಬಹುದು.

ಇನ್ನು ರೋಲ್ ಆನ್ ಶೀಶೆ. ಮಜ್ಜಿಗೆಹುಲ್ಲಿನ ಎಣ್ಣೆಯ ಹಿತವಾದ ಪರಿಮಳವಿದೆ, ಆದರೆ ಯಾವ ಅಂಶ ಶೇಕಡಾ ಎಷ್ಟಿದೆ, ಎಷ್ಟು ಗಂಟೆ ಬಾಳುತ್ತದೆ ಎಂಬುದು ಎಲ್ಲಿಯೂ ಇಲ್ಲ. ಮಲೆನಾಡಿನ ಮಂಗನ ಕಾಯಿಲೆಯ ಪ್ರದೇಶಗಳಲ್ಲಿ ಆರೋಗ್ಯ ಇಲಾಖೆಯವರು ಕಾಡಿಗೆ ಹೋಗುವವರಿಗೆ ಹಂಚುವ ಡೆಪಾ ಎಣ್ಣೆ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ಪರೀಕ್ಷಿತ ವಸ್ತು. ಅದರೊಡನೆ ಈ ಶೀಶೆಯನ್ನು ಹೋಲಿಸುವಂತಿಲ್ಲ. ಮೈಗೆ ಹಚ್ಚುವುದನ್ನು ಕೊಳ್ಳುವುದಾದರೆ ಉಣುಗನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕ ಶೇಕಡಾ 20 ಅಥವಾ ಹೆಚ್ಚು ಇದೆಯೆಂದು ಲೇಬಲ್ಲಿನಲ್ಲಿ ಬರೆದಿರುವುದನ್ನು ನೋಡಿ ಕೊಳ್ಳಬೇಕು; ಎರಡು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಹಚ್ಚಬಾರದು.

ಬಟ್ಟೆಗೆ ಸಿಂಪಡಿಸುವ ಶೇಕಡಾ 0.5ರ ಪರ್ಮೆಥ್ರಿನ್ ಎಂಬ ಕೀಟನಾಶಕದ ದ್ರಾವಣವನ್ನು ಇದೇ ಮಾರಾಟಗಾರರು ಬೇರೆಯಾಗಿ ಮಾರುತ್ತಾರೆ. ಬಟ್ಟೆಯ ಮೇಲೆ ಒಣಗಿದ ಬಳಿಕ ಕೆಲವು ಸಲದ ಒಗೆತದವರೆಗೂ ಅದು ಪರಿಣಾಮಕಾರಿ ಎಂಬುದು ನಿಜ. ಆದರೆ ಅದನ್ನು ಮೈಗೆ ಹಚ್ಚಬಾರದು, ಹಸಿಯಾಗಿರುವಾಗ ಬೆಕ್ಕಿಗೆ ಅದು ವಿಷ. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು 2000ದವರೆಗೂ ಆಕಾಶದಿಂದ ಗೇರುತೋಟಗಳ ಮೇಲೆ ಸುರಿಸಿದ ಜಿಲ್ಲೆಯಲ್ಲಿ ‘ಸಿಂಪಡಿಸಿ, ಏನೂ ಆಗುವುದಿಲ್ಲ’ ಎಂಬ ಮಾತನ್ನು ಯಾರೂ ಸುಲಭವಾಗಿ ನಂಬುವುದಿಲ್ಲ. ನಂಬದಿರುವುದಕ್ಕೆ ಕಾರಣವೂ ಇದೆ. ಎರಡೂ ಒಂದೇ ಬಗೆಯ ರಾಸಾಯನಿಕಗಳಲ್ಲ ಎಂಬುದನ್ನು ಒಪ್ಪುತ್ತಲೇ, ಬಾವಿಕಟ್ಟೆಯಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ, ಒಂದು ಜೊತೆ ಪ್ಯಾಂಟು ಕಾಲುಚೀಲಗಳಿಗೆ ಮಾತ್ರ ಬಳಸುವುದು ನನಗೆ ಒಪ್ಪಿಗೆಯಾದ ಮಿತಿ. ಅದಿಲ್ಲದಿದ್ದರೂ ಮೊಣಕಾಲಿನ ಮೇಲೆ ಎತ್ತಿಕಟ್ಟಿದ ಮುಂಡಿನ ಬದಲು ತಿಳಿಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡರೆ ಅರ್ಧ ಕೆಲಸವಾಗುತ್ತದೆ, ಏಕೆಂದರೆ ಉಣುಗು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಯಲ್ಲೋ ತರಗೆಲೆಯ ಮೇಲೋ ಕಾದಿದ್ದು ತಾಗಿದವರ ಮೈಯನ್ನು ಹತ್ತುತ್ತದೆ. ರಾಣಿಪುರಂ, ಪೊಸಡಿಗುಂಪೆಗಳಿಗೆ ಚಾರಣ ಹೋಗುವವರಿಗೂ ಇದು ಅನ್ವಯಿಸುತ್ತದೆ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ, ಸ್ನಾನ ಮಾಡುತ್ತ ಮೈಯೆಲ್ಲ ತಡವಿ ನೋಡಬೇಕು.

ಒಟ್ಟು ಕಿಟ್ಟಿಗೆ ಐದರಲ್ಲಿ ಎರಡೂವರೆ, ಚಿಮಟಕ್ಕೆ ಪ್ರತ್ಯೇಕವಾಗಿ ನಾಲ್ಕೂವರೆ ಅಂಕ ಕೊಡುತ್ತೇನೆ. ಇದೇ ಬಗೆಯ ಚಿಮಟವೂ ಒಂದು ಭೂತಗನ್ನಡಿಯೂ ಬಿಡಿಯಾಗಿ ಇದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ, ಸ್ಪಿರಿಟ್ಟು ಯಾವ ಔಷಧ ಅಂಗಡಿಯಲ್ಲಿಯೂ ದೊರೆಯುತ್ತದೆ. ನಾಯಿ ಸಾಕಿದವರು ಕೊಕ್ಕೆಯನ್ನೂ ಬೇರೆಯಾಗಿ ತರಿಸಿಕೊಳ್ಳಬಹುದು.